ಹಸಿವನ್ನು ಹೃದ್ರೋಗವೆಂದು ಬರೆದವರಿಗೆ

ಸೈಕಲ್ ಮಹಾಮಂಡಳಿಯ ಆಯ್ಕೆ ಮುಖ್ಯಸ್ಥರೇ,

ದಾತಿವ ಮುಕಾನ್ಕುಸಿಯ ಹೃದಯ ದುರ್ಬಲವೆಂದು ಬರೆದು ಅವಳನ್ನು ರಾಷ್ಟ್ರೀಯ ತಂಡದಿಂದ ಕೈಬಿಟ್ಟಿದ್ದೀರಿ. ಆ ಹೃದಯವನ್ನು ಪರೀಕ್ಷಿಸಿದವಳು ನಾನು, ನೀವಲ್ಲ. ಹದಿನೇಳು ವರ್ಷ ವಿಶ್ವವಿದ್ಯಾಲಯದಲ್ಲಿ ಸವಾರರ ಉಸಿರು, ರಕ್ತ, ಬೆವರು ಅಳೆದಿದ್ದೇನೆ. ಸೈಕಲ್ಲಿಗೂ ಸಂಶೋಧನೆಗೂ ಏನು ಸಂಬಂಧವೆಂದು ಅಲ್ಲಿಯವರು ಬಡ್ತಿ ತಡೆದಾಗ ನಾಲ್ಕು ವರ್ಷ ಬೆಲ್ಜಿಯಂನ ವೃತ್ತಿಪರ ತಂಡದೊಂದಿಗೆ ಅಲೆದಿದ್ದೇನೆ. ಅಂಥ ಗಟ್ಟಿ ಎದೆ ಅಲ್ಲೂ ಅಪರೂಪ. ತಾವು ಕಾರಿನ ಕಿಟಕಿಯಿಂದಲೇ ಹೃದಯದ ಒಳಗನ್ನು ಕಾಣುವವರು. ನಮಗೆ, ಪಾಪ, ಯಂತ್ರ ಬೇಕು.

ಆಯ್ಕೆಯ ದಿನ ಮುಸಾನ್ಜೆಯಿಂದ ರಾಜಧಾನಿ ಕಿಗಾಲಿಗೆ ಬರುವ ಕೊನೆಯ ಏರಿನಲ್ಲಿ ಅವಳು ಕುಸಿದಳು. ನೀವು ಗಾಜು ಇಳಿಸಿ ಹೇಳಿದ್ದನ್ನು ಊರೇ ಕೇಳಿತು: "ಆಲೂಗಡ್ಡೆ ಮೂಟೆ ಸಾಗಿಸೋಕೆ ಲಾಯಕ್ಕು ಕಣಮ್ಮ ನೀನು, ರೇಸಿಗಲ್ಲ!"

ನಾನು ಅವಳ ಜೇಬು ತಡಕಿದೆ. ಬೆಳಿಗ್ಗೆ ನಾನೇ ಕೊಟ್ಟ ಬಾಳೆಹಣ್ಣುಗಳು ನಜ್ಜುಗುಜ್ಜಾಗಿ ಅಲ್ಲೇ ಇದ್ದವು.

"ಯಾಕೆ ತಿನ್ಲಿಲ್ಲ?"

"ಹೆಂಗೆ ತಿನ್ನಲಿ ಮೇಡಂ? ದಾರಿ ತುಂಬಾ ಜನ. ನಮ್ಮ ಸೋದರತ್ತೆನೂ ನಿಂತಿದ್ರು. ನೀವಾದ್ರೆ ಬೀದೀಲಿ ಬಾಯಾಡಿಸ್ತೀರಾ?"

ಇಲ್ಲ, ನಾನೂ ಆಡಿಸುವುದಿಲ್ಲ. ನಾಲ್ಕು ಜನರೆದುರು ಬೀದಿಯಲ್ಲಿ ತಿನ್ನುವುದು ನಮ್ಮಲ್ಲಿ ಮಾನಗೆಟ್ಟವರ ಕೆಲಸ, ಅದರಲ್ಲೂ ಹೆಣ್ಣಿಗೆ. ಇದು ಗೊತ್ತಿದ್ದೂ ಗಂಟೆಗೆರಡು ಹಣ್ಣೆಂಬ ಬೆಲ್ಜಿಯಂನ ಪಟ್ಟಿಯನ್ನು ಹಾಗೇ ಬರೆದುಕೊಟ್ಟವಳು ನಾನು. ಆ ತಪ್ಪಿಗೆ ನನ್ನ ಮೇಲೇ ನನಗೆ ಸಿಟ್ಟಿದೆ. ಆದರೆ ಮೂರು ಗಂಟೆ ಬೆಟ್ಟ ಹತ್ತಿಳಿದ ಬರಿಹೊಟ್ಟೆ ಎತ್ತನ್ನೂ ಕೆಡವುತ್ತದೆ ಎಂಬಷ್ಟು ಶಾಸ್ತ್ರ ತಿಳಿಯಲು ಪದವಿ ಬೇಕೇ?

ಇದನ್ನೇ ವರದಿಯಾಗಿ ಕೊಟ್ಟಾಗ ನೀವು ಪುಟವನ್ನೂ ತೆರೆಯಲಿಲ್ಲ. "ಮೇಡಂ, ನೀವು ಪಾಠ ಮಾಡ್ಕೊಂಡಿರಿ, ರೇಸ್ ನಮಗೆ ಬಿಡಿ" ಎಂದಿರಿ. ಬಿಟ್ಟದ್ದರ ಫಲ ನೋಡಿ ಸ್ವಾಮಿ! ಇಪ್ಪತ್ತೊಂದು ವರ್ಷದವಳಿಗೆ ಹೃದ್ರೋಗಿಯೆಂಬ ಹಣೆಪಟ್ಟಿ. ಇನ್ನು ಯಾವ ತಂಡ ಅವಳನ್ನು ಸೇರಿಸಿಕೊಂಡೀತು? ಅವಳ ತಾಯಿ ಸೈಕಲ್ಲನ್ನು ಕೋಣೆಗೆ ನೂಕಿ ಬೀಗ ಜಡಿದಿದ್ದಾಳೆ. "ಎದೆ ಒಡೆದು ಸತ್ರೆ ಆ ಸಾಹೇಬ್ರು ಬಂದು ಅಳ್ತಾರಾ?" ಎಂದು ನನ್ನನ್ನೇ ಕೇಳಿದಳು.

ಬರುವ ಭಾನುವಾರ ಅದೇ ದಾರಿಯಲ್ಲಿ ದಾತಿವಳಿಗೆ ಮರುಪರೀಕ್ಷೆ ನಡೆಸಿ. ತಿನ್ನಲು ಅವಳು ಒಪ್ಪಿದ್ದಾಳೆ, ಒಂದೇ ಷರತ್ತು: "ದೊಡ್ಡೋರು ಯಾರಾದ್ರೂ ಮೊದಲು ತಿನ್ಲಿ." ಆದ್ದರಿಂದ ತಾವು ಆ ಏರಿನ ಬುಡದಲ್ಲಿ, ಜನರ ನಡುವೆ ನಿಂತು, ಒಂದು ಸುಟ್ಟ ಜೋಳದ ತೆನೆಯನ್ನು ಪೂರ್ತಿ ತಿನ್ನಬೇಕು. ಪಕ್ಕದಲ್ಲಿ ನಾನೂ ತಿನ್ನುತ್ತೇನೆ. ಅದು ತಮ್ಮಿಂದಾಗದಿದ್ದರೆ ಅವಳ ಕಡತದಲ್ಲಿ 'ದುರ್ಬಲ ಹೃದಯ' ಎಂಬುದನ್ನು ಹೊಡೆದು, 'ಕಾರಣ: ಮುಖ್ಯಸ್ಥರ ಸಂಕೋಚ' ಎಂದು ಬರೆದು ಸಹಿ ಹಾಕಿ.

ಇಂತಿ,
ಈಗಲೇ ನಾಚಿ ಬೆವರುತ್ತಿರುವ,
ಡಾ. ಸ್ಪೆಸಿಯೋಜ್ ಕಬಾಗ್ವಿರ
(ಬಡ್ತಿಯಿಲ್ಲದ ಉಪನ್ಯಾಸಕಿ, ಕ್ರೀಡಾ ಶರೀರಶಾಸ್ತ್ರ)