ಟೇಪ್ ಸುತ್ತಿದ ಬಟನ್

ಮಾರ್ಚ್ ೪, ಸಂಜೆ ೬
ಮಗಳಿಗೆ ಜಡೆ ಹಾಕಿದೆ, ಡಬ್ಬಿ ಕಟ್ಟಿದೆ, ಪ್ರೆಸ್ಸಿಗೆ ಹೋದೆ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯ ಬೆರಳು ಕಾಗದ ಕತ್ತರಿಸುವ ಮಷೀನಿಗೆ ಸಿಕ್ಕಿ ಹೋಗಿ ಇಪ್ಪತ್ತೆರಡು ದಿನ. ಮಾಲೀಕರು ನನ್ನನ್ನು ಬೈಂಡಿಂಗ್‌ಗೆ ಹಾಕಿದ್ದಾರೆ. ಕಟಿಂಗ್ ಮಷೀನಿನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಬ್ಲೇಡ್ ಇಳಿಯುವ ಸದ್ದು... ಕಿವಿಗೆ ಬಾಗಿಲಿಲ್ಲವಲ್ಲ. ಎರಡು ಸಲ ವಾಂತಿ.

ಮಾರ್ಚ್ ೭
ಮಗಳು ಫ್ರಿಜ್ ಬಾಗಿಲು ಧಡಾರನೆ ಹಾಕಿದಳು. ಆಮೇಲೇನಾಯಿತೋ ಗೊತ್ತಿಲ್ಲ. ಎಚ್ಚರವಾದಾಗ ಅವಳ ಜಡೆ ನನ್ನ ಮುಷ್ಟಿಯಲ್ಲಿತ್ತು, ಹಣೆ ಒಡೆದು ಮುಖವೆಲ್ಲ ರಕ್ತ. ಒಂಬತ್ತು ವರ್ಷದ ಕೂಸು. ಬಿಡಿಸಲು ಬಂದ ಗಂಡನ ತೋಳನ್ನೂ ಕಚ್ಚಿದ್ದೆ. ಥೂ ನನ್ನ ಜನ್ಮಕ್ಕೆ.

ಮಾರ್ಚ್ ೮
ಮೂರು ಹೊಲಿಗೆ. "ನಾನೇ ಬಿದ್ದೆ" ಎಂದು ಡಾಕ್ಟರಿಗೆ ಸುಳ್ಳು ಹೇಳಿದಳಂತೆ. ನನ್ನನ್ನು ಉಳಿಸಲು! ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದ ಇವರು ಗೋಡೆ ನೋಡಿಕೊಂಡೇ ಹೇಳಿದರು: "ನೀನು ಯಾರಿಗಾದ್ರೂ ತೋರಿಸ್ಕೋ. ಅಲ್ಲೀವರೆಗೂ ಅವಳು ಬರಲ್ಲ."

ಮಾರ್ಚ್ ೧೯
ಕೌನ್ಸೆಲರ್ ಅಂದರೆ ತಲೆ ನರೆತವರು ಇರಬಹುದು ಅಂದುಕೊಂಡಿದ್ದೆ. ನೋಡಿದರೆ ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿ. ಇದು ಹುಚ್ಚಲ್ಲ, ಗಾಯ ಅಂದಳು. ಸದ್ದು ಕೇಳಿದಾಗೆಲ್ಲ ಮನಸ್ಸು ಮತ್ತೆ ಆ ಮಷೀನಿನ ಮುಂದೆ ಹೋಗಿ ನಿಲ್ಲುತ್ತದಂತೆ. ಗೆಳತಿಯ ಕೈ ಸಿಕ್ಕಿಕೊಂಡಿತು ಎಂದಷ್ಟೇ ಹೇಳಿದೆ.
"ಆಗ ನೀವೆಲ್ಲಿದ್ರಿ?"
ಕುರ್ಚಿ ಎತ್ತಿ ಗೋಡೆಗೆ ಬಡಿದೆ. ಅದರ ಕಾಲು ಮುರಿಯಿತು. ಹುಡುಗಿ ಬಿಳಿಚಿಕೊಂಡಳು, ಆದರೆ ಎದ್ದು ಹೋಗಲಿಲ್ಲ. ಮುಂದಿನ ವಾರ ಬನ್ನಿ ಅಂದಳು.

ಮಾರ್ಚ್ ೨೬
ಹೇಳಿಬಿಟ್ಟೆ. ಮಷೀನಿಗೆ ಎರಡು ಬಟನ್. ಒಬ್ಬರೇ, ಎರಡೂ ಕೈಯಲ್ಲಿ ಒತ್ತಬೇಕು — ಕೈ ಬ್ಲೇಡಿನಡಿ ಹೋಗದಿರಲಿ ಅಂತ. ಕೆಲಸ ಬೇಗ ಸಾಗಲೆಂದು ನಾವು ಒಂದು ಬಟನ್ ಒತ್ತಿಕೊಂಡೇ ಇರುವಂತೆ ಟೇಪ್ ಸುತ್ತಿದ್ದೆವು. ಅವಳು ಕಾಗದ ಜೋಡಿಸುವುದು, ನಾನು ಒತ್ತುವುದು. ಅವತ್ತು ಮುಂದಿನ ಕಟ್ಟು ಎಳೆದುಕೊಳ್ಳುತ್ತಾ ಒತ್ತಿದೆ. ಅವಳ ಕೈ ಇನ್ನೂ ಬ್ಲೇಡಿನಡಿ ಇದ್ದದ್ದು ನೋಡಲಿಲ್ಲ. ನಾಲ್ಕು ಬೆರಳು. ಅವಳು ಕಿರುಚಲೂ ಇಲ್ಲ. "ಕಾಗದ ಎಲ್ಲ ಹಾಳಾಯ್ತಲ್ಲೇ" ಅಂದಳು.
ಇಷ್ಟು ಹೇಳಲು ಒಂದು ಗಂಟೆ ಹಿಡಿಯಿತು. ಸೀರೆಯೆಲ್ಲ ಬೆವರು.

ಏಪ್ರಿಲ್ ೩೦
ಕೌನ್ಸೆಲರ್ ಹತ್ತಿರ ಏಳನೇ ಸಲ. ಸದ್ದಾದರೆ ಎರಡೂ ಪಾದ ನೆಲಕ್ಕೆ ಒತ್ತಿ ಕೂರಬೇಕು ಅಂತ ಕಲಿಸಿದ್ದಾಳೆ. ನಿನ್ನೆ ಇವರು ಬಾಗಿಲು ಬಡಿದು ನೋಡಿದರು. ಪಾದ ಒತ್ತಿ ಹಿಡಿದೆ, ಏಳಲಿಲ್ಲ.

ಮೇ ೫, ಮಧ್ಯಾಹ್ನ ೩
ಮಗಳು ಬಂದಳು. ಹಣೆಯ ಮೇಲೆ ಗೆರೆ. ಹೊಸಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಕೇಳಿದಳು:
"ಅಮ್ಮಾ, ಸದ್ದು ಮಾಡ್ಬಹುದಾ?"
ಮಾಡು ಕಂದ ಅಂದೆ. ಈಗ ಅಡುಗೆಮನೆಯಲ್ಲಿ ಲೋಟ ತೆಗೆಯುತ್ತಿದ್ದಾಳೆ. ಇವರು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ನಿಲ್ಲಲಿ, ತಪ್ಪಲ್ಲ. ನಾನು ಬರೆಯುತ್ತಾ ಕೂತಿದ್ದೇನೆ, ಪಾದ ನೆಲದ ಮೇಲೆ — ಬಿತ್ತು. ಲೋಟ. ಕೂತೇ ಇದ್ದೇನೆ. ಕೂತೇ ಇದ್ದೇನೆ.