ಕೆಂಚಿಯ ಗೂಡಿಗೆ ಕೆಂಪು ದೀಪ

ಸ್ಯಾನ್ ರಮೋನ್
೧೪ ಜನವರಿ ೨೦೨೫, ಮಂಗಳವಾರ

ನನ್ನವ್ವಾ ಉಮಾಶ್ರೀ,

ಅಜ್ಜನ ಆಶೀರ್ವಾದ. ಮಿನೆಸೊಟಾದ ಚಳಿಗೆ ಕಿವಿ ಮುಚ್ಚಿಕೊಂಡು ಕಾಲೇಜಿಗೆ ಹೋಗುತ್ತೀಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಲ್ಲಿ ನಾವೆಲ್ಲ ಆರಾಮ, ನಿಮ್ಮಜ್ಜಿಯ ಮೊಣಕಾಲೊಂದು ಹಟ ಹಿಡಿದಿದೆ. ಫೋನಿನಲ್ಲಿ ನೀನು ಇಂಗ್ಲಿಷಿನಲ್ಲಿ ಓಡುತ್ತೀ, ನಾನು ಹಿಂದೆ ಉಳಿಯುತ್ತೇನೆ. ಅದಕ್ಕೇ ನಾನೇ ಕಲಿಸಿದ ಅಕ್ಷರಗಳಲ್ಲಿ ದಪ್ಪಗೆ ಬರೆದಿದ್ದೇನೆ.

ನಿನ್ನ ಕೆಂಚಿ ಸತ್ತು ಇವತ್ತಿಗೆ ಆರು ದಿನ. ಉಳಿದ ಮೂರು ಕೋಳಿ ಚೆನ್ನಾಗಿವೆ. ಕೆಂಚಿ ಚಳಿಗೇ ಸತ್ತಳೆಂದು ನಿಮ್ಮಪ್ಪ ಗುರುಕಿರಣ ನಂಬಿ, ಗೂಡಿಗೆ ಶಾಖ ಕೊಡುವ ಕೆಂಪು ದೀಪ ತಂದಿಟ್ಟಿದ್ದಾನೆ. ಶನಿವಾರ ತೂಗುಹಾಕುತ್ತಾನಂತೆ. "ಒಂದಂತೂ ಹೋತು, ಉಳದಾವರೆ ಉಳೀಲಿ" ಅನ್ನುತ್ತಾನೆ. ನೀನೋ ಹೋಗುವಾಗ ಬೆರಳು ತೋರಿಸಿ ಹೇಳಿದ್ದೆ: "ಅಜ್ಜಾ, ನೋ ಲ್ಯಾಂಪ್. ಹುಲ್ಲಿಗೆ ಬೆಂಕಿ ಹತ್ತತ್ತೆ. ಗಾಳಿ ಆಡ್ಬೇಕು, ಒಣಗಿರ್ಬೇಕು, ಅಷ್ಟೇ." ಆ ದೀಪ ಮನೆಗೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅರ್ಧ ಚಹಾ ಬಿಟ್ಟು ಹಿತ್ತಲಿಗೆ ಹೋಗುತ್ತೇನೆ, ಗೂಡಿನ ಬಾಗಿಲು ತೆಗೆದು ಒಂದೊಂದರ ರೆಕ್ಕೆಯ ಕೆಳಗೂ ಕೈಯಿಟ್ಟು ನೋಡುತ್ತೇನೆ. ಬೆಚ್ಚಗೇ ಇರುತ್ತವೆ. ಒಳಗೆ ಬಂದು ಕೂತರೆ ಮತ್ತೆ ಅನುಮಾನ, ಮತ್ತೆ ಚಪ್ಪಲಿ. ಎಪ್ಪತ್ತಾರು ವರ್ಷ ಮೊಟ್ಟೆ ಮುಟ್ಟದ ಲಿಂಗವಂತ ಈಗ ಕೋಳಿಯ ಕಂಕುಳಿಗೆ ಕೈಹಾಕಿ ಜ್ವರ ನೋಡುತ್ತಾನೆಂದು ನಿಮ್ಮಜ್ಜಿ ನಗುತ್ತಾಳೆ. ನಗಲಿ. ದೀಪ ಬೇಡವೆಂದರೆ ನಿಮ್ಮಪ್ಪ ಕಾರಣ ಕೇಳುತ್ತಾನೆ, ಕಾರಣ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಸಿದ್ಧಾರೂಢಜ್ಜ ನಿನ್ನನ್ನು ಬೆಚ್ಚಗಿಟ್ಟಿರಲಿ. ಚೆನ್ನಾಗಿ ಓದು.

ನಿನ್ನ ಅಜ್ಜ,
ಗುರುಶಾಂತಪ್ಪ

ತಾ.ಕ.: ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ಕೆಂಚಿ ಚಳಿಗೆ ಸತ್ತಿಲ್ಲ. ಗಾಳಿಗೆಂದು ನೀನು ಗೂಡಿಗೆ ಬಿಟ್ಟಿದ್ದ ಎರಡು ಕಿಂಡಿಗಳನ್ನು ನಾನೇ ಮುಚ್ಚಿದೆ. ಮೂವತ್ತೊಂದು ವರ್ಷ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಸಂದು ಮುಚ್ಚಿದ ಕೈ ಇದು, ತಣ್ಣನೆ ಗಾಳಿ ನುಗ್ಗುವುದು ಕಂಡರೆ ಸುಮ್ಮನಿರುವುದಿಲ್ಲ. ನಿಮ್ಮಜ್ಜಿ ನಿನಗೆ ಹೊದೆಯಲೆಂದು ಹೊಲಿದ, ನೀನು ಇಲ್ಲೇ ಬಿಟ್ಟುಹೋದ ಕೌದಿಯನ್ನೇ ತುರುಕಿದೆ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆಲ್ಲ ನೀರಿನ ಹನಿ, ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಕೆಂಚಿ ಬಾಯಿ ತೆರೆದು ಉಸಿರಾಡುತ್ತಿದ್ದಳು, ಮರುದಿನ ಹೋದಳು. ಯಾರಿಗೂ ಕಾಣದಂತೆ ಕೌದಿ ತೆಗೆದಿಟ್ಟೆ. ಇವತ್ತು ಸಂಜೆ ನಿಮ್ಮಪ್ಪ ಆಫೀಸಿನಿಂದ ಬಂದ ಕೂಡಲೇ ಎಲ್ಲ ಹೇಳುತ್ತೇನೆ, ದೀಪ ಅಂಗಡಿಗೆ ವಾಪಸು ಹೋಗುತ್ತದೆ. ನಿನಗೆ ಹೇಳಲು ಮಾತ್ರ ಈ ಕಾಗದವೇ ಬೇಕಾಯಿತು. ಕೌದಿಯನ್ನು ಮೂರು ಸಲ ಒಗೆದೆ ಅವ್ವಾ, ಆ ಘಾಟು ಹೋಗವಲ್ಲದು.