ಮನೆ ಮುಟ್ಟುವ ಟೈರು

ಆಗಸ್ಟ್ 14, ಸೋಮವಾರ

ಅಂಗಡಿಯ ಟೀ ಕೆಟಲಿನ ಹಿಡಿಯ ಮೇಲೆ ಇವತ್ತು ಎಡಗೈಯ ಕಪ್ಪು ಬೆರಳಚ್ಚು. ಎಂಟು ತಿಂಗಳಿಂದ ನೋಡುತ್ತಿದ್ದೇನೆ, ಯಾವಾಗಲೂ ಬಲಗೈಯದೇ ಇರುತ್ತಿತ್ತು. ಒಳಗೆ ಹೋದರೆ ಯಜಮಾನಿ ಗ್ಲೆನಿಸ್, ಬಲ ಮಣಿಕಟ್ಟಿಗೆ ಪ್ಲಾಸ್ಟರ್. ಇಲ್ಲಿ ಆಗಸ್ಟ್ ಅಂದರೆ ಚಳಿಗಾಲ; ಶನಿವಾರ ಮೆಟ್ಟಿಲ ಮೇಲೆ ಹಿಮ ಕಟ್ಟಿತ್ತಂತೆ, ಕಾಲು ಜಾರಿತಂತೆ. ಆರು ವಾರ.

ಕೆಟಲು ಎತ್ತಿ ನಾನೇ ಟೀ ಬಗ್ಗಿಸಿದೆ. ನಾಲ್ಕು ವರ್ಷ ಸಾಹಿತ್ಯ ಓದಿ ಈ ಅಂಗಡಿಗೆ ಬಂದವಳು ನಾನು. ಗ್ಲೆನಿಸ್ ಅರವತ್ತೊಂದರ ಹೆಂಗಸು, ಹ್ಯುವಾನ್‌ವಿಲ್‌ನಂಥ ಸಣ್ಣ ಊರಿನಲ್ಲಿ ಒಬ್ಬರೇ ಟೈರ್ ಅಂಗಡಿ ನಡೆಸುವವರು. ಸವೆದ ಟೈರಿನ ಮೇಲೆ ಅಂಗೈ ಆಡಿಸಿ, ಓಡಿಸಿದವನ ಸ್ವಭಾವ ಹೇಳಿಬಿಡುತ್ತಾರೆ. ನಾನು ಕೌಂಟರಿನಲ್ಲಿ ಬಿಲ್ಲು ಬರೆಯುತ್ತಾ ಆ ಕೈಯನ್ನೇ ನೋಡುತ್ತಿರುತ್ತೇನೆ.

ಸೆಪ್ಟೆಂಬರ್ 3ಕ್ಕೆ ಬ್ಯಾಸ್ಕರ್‌ವಿಲ್ ಟ್ರ್ಯಾಕಿನಲ್ಲಿ ಕಾರು ಕ್ಲಬ್ಬಿನ ರೇಸು. ಗ್ಲೆನಿಸ್ ಹನ್ನೊಂದು ವರ್ಷದಿಂದ ಅದರ ಬಹುಮಾನದ ಕಪ್ಪಿನ ಹಿಂದೆ ಬಿದ್ದಿದ್ದಾರೆ. ನಿಯಮ ವಿಚಿತ್ರ: ಊರಿನ ಪಬ್ಬಿನ ಮುಂದೆ ಕಾರ್ಯದರ್ಶಿ ನಾಲ್ಕೂ ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಅದೇ ಟೈರಿನಲ್ಲಿ ಹೋಗಬೇಕು, ಅದರಲ್ಲೇ ರೇಸ್ ಓಡಿಸಬೇಕು, ಅದರಲ್ಲೇ ಪಬ್ಬಿಗೆ ವಾಪಸು ಬರಬೇಕು. ಹಾಗೆ ಬಂದವರಲ್ಲಿ ಯಾರ ಸುತ್ತು ಬೇಗವೋ ಅವರಿಗೆ ಕಪ್.

"ಕಾರು ನಂದು. ಓಡಿಸೋಳು ನೀನು, ಈಡಿ," ಅಂದರು.

"ನಾನಾ?"

"ಭಾನುವಾರ ಭಾನುವಾರ ನಿಂಗೆ ಕಲಿಸಿದ್ದು ಇನ್ನೇನಕ್ಕೆ? ನೋಡೋಕೆ ಚಂದ ಅಂತನಾ?"

"ಮತ್ತೆ ಟೈರು..."

"ಓಡಿಸೋರೇ ಟೈರು ಆರಿಸ್ಬೇಕು. ನಮ್ಮಲ್ಲಿ ಯಾವತ್ತೂ ಹಾಗೇ. ನಾ ಬಾಯಿ ಹಾಕಲ್ಲ."

ಹೇಳುತ್ತಾ ಅವರ ಕಣ್ಣು ಹಿಂದಿನ ಕೋಣೆಯತ್ತ ಹೋಯಿತು. ಅಲ್ಲಿ ಕಂಬಳಿ ಹೊದಿಸಿಟ್ಟ ಹೊಸ ಟ್ರ್ಯಾಕ್ ಟೈರುಗಳಿವೆ. ನಾಲ್ಕು. ಈ ಕಪ್ಪಿಗೆಂದೇ ತರಿಸಿದ್ದು.

ಆಗಸ್ಟ್ 16

ಆಥಲ್ ಡಿರೀನ್ ಬಂದ. ಸೇಬಿನ ತೋಟದವನು. ಕಪ್ ಈಗ ಅವನ ಅಡುಗೆಮನೆಯಲ್ಲಿದೆ.

"ಏನ್ ಗ್ಲೆನಿಸ್, ಲೈಬ್ರರಿ ಹುಡುಗಿ ಕೈಗೆ ಸ್ಟಿಯರಿಂಗ್ ಕೊಟ್ರಂತೆ. ಬುಕ್‌ಮಾರ್ಕ್ ಎಲ್ಲಿಡ್ತಾಳೆ, ಗೇರ್ ಹತ್ರನಾ?"

"ನಿನ್ ಬಾಯಲ್ಲಿಡ್ತಾಳೆ. ಸೇಬು ಕೀಳೋದ್ ಬಿಟ್ಟು ಇಲ್ಯಾಕೆ ಬಂದೆ?"

"ಆಗಸ್ಟಲ್ಲಿ ಯಾವ ಸೇಬು ಮಾರಾಯ್ತಿ. ಅಂದಹಾಗೆ ಈ ಸಲ ಚರಂಡಿ ಕಡೆ ಹೋಗ್ಬೇಡ ಅನ್ನಿ ಅವಳಿಗೆ."

ಅವನು ಹೋದ ಮೇಲೆ ಗ್ಲೆನಿಸ್ ಆ ಚರಂಡಿಯ ಕತೆ ಹೇಳಿದರು. ಎರಡು ವರ್ಷದ ಹಿಂದೆ ಎಲ್ಲರಿಗಿಂತ ಬೇಗ ಸುತ್ತಿದ್ದು ಅವರೇ, ಟ್ರ್ಯಾಕ್ ಟೈರಿನಲ್ಲಿ. ವಾಪಸು ಬರುವಾಗ ವಿನ್ಸಸ್ ಸ್ಯಾಡಲ್ ಗುಡ್ಡದ ಏರಿನಲ್ಲಿ ಮಳೆ. ಆ ಟೈರಿಗೆ ಗೆರೆಗಳೇ ಕಡಿಮೆ, ನೀರು ಹೊರಹೋಗಲು ದಾರಿಯಿಲ್ಲ. ಕಾರು ಚರಂಡಿಗಿಳಿಯಿತು. ಟ್ರೇಲರಿನ ಮೇಲೆ ಊರಿಗೆ ಬಂತು. ಕಪ್ ಆಥಲ್‌ಗೆ.

"ಹಾಗಾದ್ರೆ ರಸ್ತೆ ಟೈರು..."

"ಸುತ್ತಿಗೆ ಎರಡು ಸೆಕೆಂಡ್ ಹೋಯ್ತು. ಎರಡು ಸೆಕೆಂಡಲ್ಲಿ ಆಥಲ್ ಮನೆಗ್ ಹೋಗಿ ಟೀ ಕುಡೀತಾನೆ." ಆಮೇಲೆ, "ಬಾಯಿ ಹಾಕಲ್ಲ ಅಂದಿದ್ದೆ, ಅಲ್ವಾ."

ಆಗಸ್ಟ್ 20, ಭಾನುವಾರ. ಸಂಜೆ

ಅಭ್ಯಾಸ. ಎರಡೂ ಬಗೆಯ ಟೈರು ಒಯ್ದಿದ್ದೆವು, ಮೊದಲು ಟ್ರ್ಯಾಕ್ ಟೈರು. ಚಳಿಗೆ ಮೊದಲ ಎರಡು ಸುತ್ತು ಸಾಬೂನಿನ ಮೇಲೆ ನಿಂತಂತೆ. ಮೂರನೆಯದಕ್ಕೆ ರಬ್ಬರು ಬಿಸಿಯಾಯಿತು — ಆಮೇಲಿನದನ್ನು ಹೇಗೆ ಬರೆಯಲಿ. ಜೇನು ಚೆಲ್ಲಿದ ಮೇಜಿಗೆ ಮೊಣಕೈ ಅಂಟಿದ ಹಾಗೆ ಕಾರು ನೆಲಕ್ಕೆ ಅಂಟಿತು. ಇಷ್ಟು ವೇಗದಲ್ಲಿ ತಿರುಗಬಹುದೆಂದು ನನ್ನ ಮೈಗೆ ಗೊತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆ. ಯಾರೂ ನೋಡದ ಜಾಗ, ಎಷ್ಟು ಬೇಕಾದರೂ ನಗಬಹುದು.

ಒಂಬತ್ತನೇ ಸುತ್ತು. ಇಳಿಜಾರಿನ ತಿರುವು. ಒಂದು ಸದ್ದಿಲ್ಲ, ಮುನ್ಸೂಚನೆಯಿಲ್ಲ. ಕಾರು ಹಿಂದುಮುಂದಾಗಿ ಹುಲ್ಲಿನ ಮೇಲೆ ನಿಂತಿತ್ತು.

ಮಧ್ಯಾಹ್ನ ರಸ್ತೆ ಟೈರು. ನಿಧಾನ, ಹೌದು, ಎರಡು ಸೆಕೆಂಡೇ. ಆದರೆ ಮಾತಾಡುತ್ತದೆ. ಮೊದಲು ಸಣ್ಣಗೆ ಗುನುಗು. ಇನ್ನೂ ಒತ್ತಿದರೆ ನರಳಾಟ. ಕೊನೆಗೆ ಕಿರುಚಾಟ. ಜಾರುವ ಮುಂಚೆ ಮೂರು ಸಲ ಹೇಳಿ ಆಮೇಲೆ ಜಾರುತ್ತದೆ. ಹನ್ನೊಂದು ಸುತ್ತು ಆ ಗುನುಗಿನ ಅಂಚಿನಲ್ಲೇ ಓಡಿಸಿದೆ. ಹನ್ನೊಂದರ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಇಲ್ಲ.

ಗ್ಲೆನಿಸ್ ಗಡಿಯಾರ ನೋಡಿದರು. ಬಗ್ಗಿ ಎಡಗೈಯಿಂದ ಟೈರು ಸವರಿದರು, ಒಳಗಿನಿಂದ ಹೊರಗೆ.

"ಇವಳು ಕೇಳಿಸ್ಕೋತಾಳೆ," ಅಂದರು. ನನಗಲ್ಲ, ಟೈರಿಗೆ.

ಅದೊಂದು ಮಾತಿಗೆ ಮನೆವರೆಗೂ ಕಿವಿ ಬಿಸಿಯಾಗಿತ್ತು.

ಸೆಪ್ಟೆಂಬರ್ 1, ಶುಕ್ರವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆದರೆ ತೀರ್ಮಾನಿಸಬೇಕಾಗುತ್ತಿತ್ತು.

ಹವಾಮಾನ ವರದಿ: ಭಾನುವಾರ ಬೆಳಿಗ್ಗೆ ಬಿಸಿಲು, ಎರಡರ ನಂತರ ಮಳೆ ಬಂದರೂ ಬರಬಹುದು. ಆಥಲ್ ಟ್ರ್ಯಾಕ್ ಟೈರೇ ಹಾಕುತ್ತಾನಂತೆ. ಮಳೆ ಬಂದರೆ ಅವನಿಗೂ ಅದೇ ಏರು. ಬರದಿದ್ದರೆ ರಸ್ತೆ ಟೈರಿನವಳು ಸೋತಂತೆಯೇ.

ನಾಲ್ಕು ಗಂಟೆಗೆ ಅಂಗಡಿಯ ಹಿಂದೆ ಹೋದೆ. ಕಾರು ಜಾಕಿನಿಂದ ಇಳಿದಿತ್ತು. ನಾಲ್ಕೂ ಚಕ್ರಕ್ಕೆ ಟ್ರ್ಯಾಕ್ ಟೈರು. ಗ್ಲೆನಿಸ್ ನೆಲದ ಮೇಲೆ ಕೂತು ಉಸಿರು ಬಿಡುತ್ತಿದ್ದರು, ಪ್ಲಾಸ್ಟರೆಲ್ಲ ಕಪ್ಪು. ಒಂದೇ ಕೈ. ಚಕ್ರವನ್ನು ಮೊಣಕಾಲಿನಿಂದ ಎತ್ತಿ ಒತ್ತಿರಬೇಕು. ಅದನ್ನು ನೋಡಬೇಕಿತ್ತು ಅನ್ನಿಸಿತು.

"ಸುಮ್ನೆ. ಹೊಂದತ್ತಾ ಅಂತ ನೋಡ್ತಿದ್ದೆ," ಅಂದರು. "ಆರಿಸೋಳು ನೀನೇ."

"ಹೊಂದುತ್ತೆ," ಅಂದೆ.

ಬೇರೇನು ಹೇಳಲಿ. ಹನ್ನೊಂದು ವರ್ಷ ಆ ಮುಖದಲ್ಲಿತ್ತು.

ಸೆಪ್ಟೆಂಬರ್ 2, ಶನಿವಾರ. ಮಧ್ಯಾಹ್ನ 1.20

ಅಂಗಡಿ ಮುಚ್ಚಿದೆ. ಗ್ಲೆನಿಸ್ ಬೇಕರಿಗೆ ಹೋಗಿದ್ದಾರೆ, ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ತರಲು. ಅಲ್ಲಿ ಶನಿವಾರದ ಸಾಲು, ಅರ್ಧ ಗಂಟೆಯಾದರೂ ಆಗುತ್ತದೆ.

ಗ್ಲೆನಿಸ್ ಓಡಿಸುವುದಾಗಿದ್ದರೆ ಆ ಹೊಸ ಟೈರೇ ಸರಿ. ಅವರ ಅಂಗೈಗೆ ಕೇಳಿಸುವುದು ನನ್ನ ಅಂಗೈಗೆ ಇನ್ನೂ ಕೇಳಿಸುವುದಿಲ್ಲ. ನನಗೆ ಬಾಯಿಬಿಟ್ಟು ಹೇಳುವ ಟೈರು ಬೇಕು. ಮಳೆ ಬರಲಿ, ಬಿಡಲಿ. ಸೋತರೂ ಅವರ ಕಾರನ್ನು ಅದರ ಚಕ್ರದ ಮೇಲೆಯೇ ಪಬ್ಬಿನ ಮುಂದೆ ತಂದು ನಿಲ್ಲಿಸುತ್ತೇನೆ. ಎರಡು ಸೆಕೆಂಡು... ಒಂದೂವರೆಯನ್ನಾದರೂ ಎಲ್ಲಾದರೂ ಹುಡುಕುತ್ತೇನೆ.

ಮೂರು ಚಕ್ರ ಬದಲಾಯಿಸಿದೆ, ರಸ್ತೆ ಟೈರಿಗೆ. ನಟ್ಟು ಬಿಗಿಯುವಾಗ, ಇಷ್ಟು ಬಿಗಿ ಸಾಕೆಂದು ಪಾನಾ 'ಕಟ್' ಅನ್ನುವವರೆಗೆ ಎಳೆದೆ, ಅವರು ಕಲಿಸಿದಂತೆಯೇ. ಬಿಚ್ಚಿದ ಮೂರನ್ನೂ ಒರೆಸಿ ಕಂಬಳಿಯ ಮೇಲೆ ಮಲಗಿಸಿದ್ದೇನೆ.

ನಾಲ್ಕನೆಯದನ್ನು ಬೇಕೆಂದೇ ಉಳಿಸಿದೆ. ಅದನ್ನು ಗ್ಲೆನಿಸ್ ಕಣ್ಣೆದುರೇ ಬಿಚ್ಚುತ್ತೇನೆ. ಕ್ಷಮಿಸಿ ಅಂತ ಶುರು ಮಾಡುವುದಿಲ್ಲ.

ಗೇಟಿನ ಸದ್ದು. ಬೇಗ ಬಂದರು. ಪಾನಾ ಎಲ್ಲಿ —